ಆರು ಸೇರು ಇಳಿಸುವ ಟೋಸ್ಟು

ಡಾಕ್ಟರು ನನ್ನ ಬೆಳಗಿನ ತಿಂಡಿಯನ್ನು ಒಂದು ಚೀಟಿಯ ಮೇಲೆ ಬರೆದುಕೊಟ್ಟಿದ್ದಾರೆ. ಕೆಂಡದ ಮೇಲೆ ಸುಟ್ಟ ಬ್ರೆಡ್ಡು, ಎರಡು ಹೋಳು. ಬೆಣ್ಣೆ ಕೂಡದು, ಜಾಮು ಕೂಡದು, ತುಪ್ಪದ ಹೆಸರನ್ನೇ ಎತ್ತಕೂಡದು. ಮೇಲೆ ಹಚ್ಚಿಕೊಳ್ಳಲು ಬೇಯಿಸಿದ ಸೊಪ್ಪು, ಸೌತೆಕಾಯಿ, ನೀರು ಬಸಿದ ಮೊಸರು, ಇಂಥವು ಆಗಬಹುದು. ಚೀಟಿಯ ಕೊನೆಯಲ್ಲಿ ‘ಸಂತೋಷವಾಗಿರಿ’ ಎಂದೂ ಬರೆದಿದ್ದಾರೆ. ಮೇಲಿನ ಸಾಲುಗಳನ್ನು ಬರೆದ ಕೈಯೇ ಈ ಕೊನೆಯ ಸಾಲನ್ನೂ ಬರೆಯಿತಲ್ಲ ಎಂದು ನನಗೆ ಸೋಜಿಗ.

ನಾನು ಬಂಗಾರಪೇಟೆಯಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳುವವಳು. ನಲವತ್ತು ದಾಟಿದ್ದೇನೆ. ಕಪ್ಪು ಹಲಗೆಯ ಮೇಲಿನ ತುದಿಯಲ್ಲಿ ತಾರೀಖು ಬರೆದು ಕೆಳಗಿನ ತುದಿಯಲ್ಲಿ ಮನೆಪಾಠ ಬರೆಯುವಷ್ಟರಲ್ಲಿ ಏದುಸಿರು ಬರುತ್ತದೆ. ಮಕ್ಕಳು ಇದನ್ನು ಕೋಪವೆಂದು ತಿಳಿದು ಸುಮ್ಮನಿರುತ್ತಾರೆ. ಹಾಗಾಗಿ ಈ ಕಾಯಿಲೆಯಿಂದ ಶಾಲೆಯ ಶಿಸ್ತಿಗೆ ಉಪಕಾರವೇ ಆಗಿತ್ತು. ಆದರೆ ಡಾಕ್ಟರು ಶಿಕ್ಷಣದ ಹಿತ ನೋಡುವವರಲ್ಲ.

ಚೀಟಿ ಹಿಡಿದು ಮನೆಗೆ ಬಂದೆ. ಬ್ರೆಡ್ಡು ಸುಡಬೇಕಾದರೆ ಒಂದು ಜಾಲರಿ ಬೇಕಲ್ಲ ಎಂದು ಅಟ್ಟಕ್ಕೆ ಕೈ ಹಾಕಿದೆ. ಹಳೆಯ ಮೊರ, ಒಡೆದ ಲಾಂದ್ರ, ಅದರ ಹಿಂದೆ ಬಟ್ಟೆಯಲ್ಲಿ ಸುತ್ತಿಟ್ಟ ಅಪ್ಪನ ಜಾಲರಿ. ಅದನ್ನು ಬಿಚ್ಚಿದ್ದೇ ತಪ್ಪಾಯಿತು. ಆವತ್ತು ಬ್ರೆಡ್ಡು ಸುಡಲಿಲ್ಲ. ಜಾಲರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮಧ್ಯಾಹ್ನದವರೆಗೆ ಕೂತಿದ್ದೆ. ಈ ಬಗೆಯ ಕೂರುವಿಕೆಗೆ ಡಾಕ್ಟರ ಚೀಟಿಯಲ್ಲಿ ನಿಷೇಧವಿಲ್ಲ.

ನಾನು ಚಿಕ್ಕವಳಾಗಿದ್ದಾಗ ನಾವು ನಂದಿದುರ್ಗ ಎಂಬ ಚಿನ್ನದ ಗಣಿಯ ಲೈನು ಮನೆಯಲ್ಲಿದ್ದೆವು. ಒಂದೇ ಸಾಲಿನಲ್ಲಿ ಬೆನ್ನಿಗೆ ಬೆನ್ನು ಹಚ್ಚಿ ನಿಂತ ಮನೆಗಳು. ಒಂದು ಮನೆಯಲ್ಲಿ ಒಗ್ಗರಣೆ ಹಾಕಿದರೆ ಐದು ಮನೆಯವರು ಸೀನುತ್ತಿದ್ದರು. ಅಪ್ಪ ಗಣಿಯೊಳಗೆ ಮರದ ಕಂಬ ಕೊಟ್ಟು ಬಂಡೆ ತಡೆಯುವ ತಂಡದ ಮೇಸ್ತ್ರಿ. ಅಮ್ಮ ಕ್ಯಾಸಂಬಳ್ಳಿ ಕಡೆಯ ರಾಗಿ ಬೆಳೆಯುವ ಮನೆಯವಳು. ಭೂಮಿಯ ಮೇಲೆ ಉತ್ತು ಬಿತ್ತಿ ಬದುಕಬೇಕೇ ಹೊರತು ಅದರ ಹೊಟ್ಟೆಗೆ ಇಳಿಯುವುದು ಮರ್ಯಾದಸ್ಥರ ಕೆಲಸವಲ್ಲ ಎಂಬುದು ಅವಳ ಖಚಿತ ಅಭಿಪ್ರಾಯ. ಅಪ್ಪನಿಗೆ ಇದರ ತದ್ವಿರುದ್ಧ. ಮೇಲೆ ಓಡಾಡುವವರನ್ನೆಲ್ಲ ಅವನು ‘ಬಿಸ್ಲು ಕಾಯ್ಸೋರು’ ಎನ್ನುತ್ತಿದ್ದ.

ಈ ಜಾಲರಿ ಅದಿರು ಕುಟ್ಟುವ ಗಿರಣಿಯ ಹಳೆಯ ಜರಡಿಯ ತುಂಡು. ಅಪ್ಪ ಅದನ್ನು ಅಪ್ಪಣೆ ಪಡೆದು, ಗೇಟಿನ ಕಾವಲುಗಾರನ ಎದುರು ಮೂರು ಸಲ ಕೊಡವಿ ತೋರಿಸಿ ಮನೆಗೆ ತಂದ. ಅಮ್ಮ ಅದನ್ನು ಬಿಳಿಯ ಪಂಚೆಯ ಮೇಲೆ ಇಟ್ಟು ಇನ್ನೂ ಏಳು ಸಲ ಕೊಡವಿದಳು. ಆಮೇಲೆ ನೀರಿನಲ್ಲಿ ತೊಳೆದು ಆ ನೀರನ್ನು ಒಂದು ದಿನ ತಿಳಿಯಲು ಬಿಟ್ಟಳು. ತಳದಲ್ಲಿ ಉಳಿದದ್ದು ಒಂದು ಚಿಟಿಕೆ ಮಣ್ಣು ಮಾತ್ರ. “ಇಷ್ಟ್ ವರ್ಸ ಇದ್ನಾ ನೀವು ಅಗೀತಿರೋದು?” ಎಂದು ಕೇಳಿ ಆ ನೀರನ್ನು ಕರಿಬೇವಿನ ಬುಡಕ್ಕೆ ಹಾಕಿದಳು.

ಆ ಕಾಲದಲ್ಲಿ ಬ್ರೆಡ್ಡು ಎಂದರೆ ನಮ್ಮ ಲೈನಿನಲ್ಲಿ ಆಹಾರವಲ್ಲ, ಕಾಯಿಲೆಯ ಲಕ್ಷಣ. ಆಂಡರ್ಸನ್‌ಪೇಟೆಯಿಂದ ತಗಡಿನ ಪೆಟ್ಟಿಗೆ ಹೊತ್ತು ಬರುವವನು ಯಾರ ಮನೆಯ ಮುಂದೆ ಪೆಟ್ಟಿಗೆ ಇಳಿಸುತ್ತಾನೋ ಆ ಮನೆಯಲ್ಲಿ ಜ್ವರ ಎಂದು ಊರೆಲ್ಲ ತಿಳಿಯುತ್ತಿತ್ತು. ನಾನು ಬ್ರೆಡ್ಡಿನ ಆಸೆಗೆ ಎರಡು ಸಲ ಕಂಕುಳಲ್ಲಿ ಈರುಳ್ಳಿ ಇಟ್ಟುಕೊಂಡು ಜ್ವರ ಬರಿಸಿಕೊಳ್ಳಲು ಪ್ರಯತ್ನಪಟ್ಟೆ. ಜ್ವರ ಬರಲಿಲ್ಲ, ವಾಸನೆ ಬಂತು. ಅಮ್ಮ ಈರುಳ್ಳಿಯನ್ನು ಕಿತ್ತುಕೊಂಡು ಸಾರಿಗೆ ಹಾಕಿದಳು.

ಹೀಗಿರುವಾಗ ಒಂದು ಸಂಕ್ರಾಂತಿಯ ಹೊತ್ತಿಗೆ ಗಣಿಯ ಆಸ್ಪತ್ರೆಯ ಡಾಕ್ಟರು ಅಪ್ಪನ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಮೈ ಹೆಚ್ಚಾಗಿದೆ, ಎದೆ ಕಷ್ಟಪಡುತ್ತಿದೆ, ಯುಗಾದಿಯೊಳಗೆ ಹನ್ನೆರಡು ಪೌಂಡು ಇಳಿಯಬೇಕು, ಇಳಿಯದಿದ್ದರೆ ಕೆಳಗಿನ ಕೆಲಸ ಬಿಡಿಸಿ ಮೇಲೆ ಹಾಕುತ್ತೇನೆ ಎಂದರು. ಆಹಾರದ ಚೀಟಿ ಬರೆದುಕೊಟ್ಟರು. ಓದುಗರೇ, ನನ್ನ ಚೀಟಿಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ವೈದ್ಯಶಾಸ್ತ್ರ ಇಷ್ಟು ವರ್ಷಗಳಲ್ಲಿ ಮುಂದುವರಿದಿರುವುದು ‘ಸಂತೋಷವಾಗಿರಿ’ ಎಂಬ ಒಂದು ಸಾಲಿನಷ್ಟು.

ಅಪ್ಪ ಮನೆಗೆ ಬಂದು ಗೋಡೆಗೆ ಒರಗಿ ಕೂತ. “ಮೇಲಾಕ್ಬುಡ್ತಾರಂತೆ ಕಣಮ್ಮೀ. ಬಿಸ್ಲು ಕಾಯ್ಸಕ್ಕೆ,” ಎಂದ. ಗಂಡನನ್ನು ಯಾರೋ ಜೈಲಿಗೆ ಹಾಕುತ್ತಾರೆಂದು ಕೇಳಿದವಳ ಮುಖ ಮಾಡಿಕೊಂಡು ಅಮ್ಮ, “ಅಯ್ಯೋ ಪಾಪ” ಎಂದಳು. ಆ ಮುಖ ಚೆನ್ನಾಗಿಯೇ ಇತ್ತು. ಸ್ವಲ್ಪ ಬೇಗ ಬಂತು, ಅಷ್ಟೇ.

ತೂಕ ನೋಡಲು ಭಾನುವಾರ ಬಿಟ್ಟು ಭಾನುವಾರ ಅಪ್ಪನೂ ನಾನೂ ರೈಲು ಹತ್ತಿ ಬೌರಿಂಗ್‌ಪೇಟೆಗೆ ಹೋಗುತ್ತಿದ್ದೆವು. ಬಂಗಾರಪೇಟೆಗೆ ಆಗ ಅದೇ ಹೆಸರು. ಆಸ್ಪತ್ರೆಯಲ್ಲೂ ತಕ್ಕಡಿ ಇತ್ತು. ಆದರೆ ಪರೀಕ್ಷೆಗೆ ಮೊದಲೇ ಪ್ರಶ್ನೆಪತ್ರಿಕೆ ನೋಡುವವರ ಹಾಗೆ ಅಲ್ಲಿಗೆ ಹೋಗಿ ನಿಲ್ಲಲು ಅಪ್ಪನಿಗೆ ನಾಚಿಕೆ. ಸ್ಟೇಷನ್ನಿನ ಪಾರ್ಸಲ್ ಆಫೀಸಿನಲ್ಲಿ ಮೂಟೆ ತೂಗುವ ದೊಡ್ಡ ತಕ್ಕಡಿ ಇತ್ತು. ಹಲಸಿನ ಹಣ್ಣಿನ ಬುಟ್ಟಿಗೂ ಚರ್ಮದ ಕಟ್ಟಿಗೂ ನಡುವೆ ಅಪ್ಪ ಪೇಟ ತೆಗೆದು, ಚಪ್ಪಲಿ ಬಿಟ್ಟು, ದೇವರ ಮುಂದೆ ನಿಂತ ಹಾಗೆ ನಿಲ್ಲುತ್ತಿದ್ದ. ಗುಮಾಸ್ತರು ಕನ್ನಡಕ ಸರಿಮಾಡಿಕೊಂಡು ಗುಂಡು ಸರಿಸುತ್ತಿದ್ದರು.

“ಎಲ್ಲಿಗೆ ಬುಕ್ ಮಾಡ್ಲಿ, ಮೇಸ್ತ್ರೀ?”

“ಗಣಿ ತಳಕ್ಕೆ ಸ್ವಾಮಿ. ಇನ್ನೆಲ್ಲಿಗೆ?”

ಪ್ರತಿ ಸಲವೂ ಇದೇ ಪ್ರಶ್ನೆ, ಇದೇ ಉತ್ತರ. ಪ್ರತಿ ಸಲವೂ ಇಬ್ಬರೂ ಹೊಸದಾಗಿ ನಗುತ್ತಿದ್ದರು. ಮೊದಲ ದಿನ ಅಪ್ಪನ ತೂಕ ಎರಡು ಮಣ ಹನ್ನೆರಡು ಸೇರು. ಹನ್ನೆರಡು ಪೌಂಡು ಎಂದರೆ ರೈಲಿನ ಲೆಕ್ಕದಲ್ಲಿ ಸುಮಾರು ಆರು ಸೇರು. ಅಷ್ಟು ಇಳಿಯಬೇಕು.

ಮರುದಿನದಿಂದ ಟೋಸ್ಟಿನ ಯುಗ ಆರಂಭವಾಯಿತು. ಕೆಂಡದ ಮೇಲೆ ಜಾಲರಿ, ಜಾಲರಿಯ ಮೇಲೆ ಬ್ರೆಡ್ಡಿನ ಹೋಳು. ಸುಟ್ಟ ಮೇಲೆ ಅದರ ಮೈಮೇಲೆ ಸಣ್ಣ ಸಣ್ಣ ಚೌಕಗಳು ಮೂಡಿ, ನನ್ನ ಲೆಕ್ಕದ ಪುಸ್ತಕದ ಹಾಳೆಯಂತೆ ಕಾಣುತ್ತಿತ್ತು. ಆದರೆ ಅದನ್ನು ಹಾಗೇ ಕೊಡಲು ಅಮ್ಮ ಒಪ್ಪಲಿಲ್ಲ. “ಬದುಕಿರೋರ್ಗೆ ಬರೀದ್ನ ಇಕ್ಕಬಾರ್ದು” ಎಂಬುದು ಅವಳ ತವರಿನ ಕಟ್ಟಳೆ. ಏನಾದರೂ ಮೇಲೆ ಇರಲೇಬೇಕು. ಡಾಕ್ಟರೂ ಸೊಪ್ಪಿಗೆ ಅಪ್ಪಣೆ ಕೊಟ್ಟಿದ್ದರು. ಅಮ್ಮ ಆ ಅಪ್ಪಣೆಯನ್ನು ಒಂದು ಸಾಮ್ರಾಜ್ಯವನ್ನಾಗಿ ವಿಸ್ತರಿಸಿದಳು.

ದಂಟಿನ ಸೊಪ್ಪು, ಅಣ್ಣೆ ಸೊಪ್ಪು, ಕೀರೆ, ಮೂರನ್ನೂ ಬೆಳ್ಳುಳ್ಳಿ ಹಸಿಮೆಣಸಿನಕಾಯಿಯೊಂದಿಗೆ ಬೇಯಿಸಿ, ಕಡೆಗೋಲಿನಿಂದ ಮಸೆದು, ಗಟ್ಟಿಯಾಗಿ ಹಚ್ಚುತ್ತಿದ್ದಳು. ಒಂದು ದಿನ ಕೆಂಡದಲ್ಲಿ ಸುಟ್ಟ ಬದನೆಕಾಯಿಯ ತಿರುಳು, ಅದಕ್ಕೆ ಹುಣಸೆಹುಳಿ. ಇನ್ನೊಂದು ದಿನ ಮೊಳಕೆ ಬಂದ ಹುರುಳಿಯನ್ನು ಬೇಯಿಸಿ ಅರೆದದ್ದು. ಬೆಣ್ಣೆ ತೆಗೆದ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಗೂಟಕ್ಕೆ ನೇತುಹಾಕಿ, ಬೆಳಗ್ಗೆ ಅದಕ್ಕೆ ಹೆಚ್ಚಿದ ಈರುಳ್ಳಿ, ಕಾಳುಮೆಣಸಿನ ಪುಡಿ. ಹಿದುಕಿದ ಅವರೆ ಮುಗಿಯುವವರೆಗೂ ಹಿದುಕಿದ ಅವರೆ. ಯುಗಾದಿ ಹತ್ತಿರ ಬಂದಾಗ ಹುಣಸೆ ಮರದ ಎಳೆಯ ಚಿಗುರು. ಅದನ್ನು ಹುರಿದ ಹುರುಳಿಯ ಜೊತೆ ಕಲ್ಲಿನ ಮೇಲೆ ಅರೆದು ಬಿಸಿ ಟೋಸ್ಟಿಗೆ ಹಚ್ಚಿದರೆ, ಆ ಹುಳಿಗೆ ಕಿವಿಯ ಹಿಂಭಾಗ ಜುಮ್ಮೆನ್ನುತ್ತಿತ್ತು. ಅದರ ಮೂಲೆಯೊಂದನ್ನು ಮುರಿದು ಅಪ್ಪ ನನಗೆ ಕೊಡುತ್ತಿದ್ದ. ಜ್ವರವಿಲ್ಲದೆ ಬ್ರೆಡ್ಡು ತಿಂದ ಮೊದಲ ಹೆಣ್ಣುಮಗಳು ನಾನೇ ಎಂದು ಲೈನಿನಲ್ಲೆಲ್ಲ ಹೇಳಿಕೊಂಡು ಬಂದೆ.

ಪಕ್ಕದ ಮನೆಯ ತಮಿಳು ಮಾತಿನ ಪೊನ್ನಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಅವಳ ಗಂಡನೂ ಅಪ್ಪನ ತಂಡದಲ್ಲೇ ಕೆಲಸ ಮಾಡುತ್ತಿದ್ದ. “ಏನಕ್ಕಾ ಇದು, ರೊಟ್ಟಿ ಮೇಲ ಕೀರೈಯಾ? ದೊರೆಸಾನಿ ನೋಡಿದ್ರೆ ಮಯಕ್ಕಂ ಬಂದು ಬೀಳ್ತಾಳೆ!”

“ಬೀಳ್ಲಿ ಬುಡು. ಬಿದ್ಮೇಲೆ ಅವ್ಳಿಗೂ ಇದ್ನೇ ಕೊಡ್ತಾರೆ ಆಸ್ಪತ್ರೇಲಿ,” ಎಂದಳು ಅಮ್ಮ.

ಹದಿನೈದು ದಿನ ಕಳೆದು ತಕ್ಕಡಿಯ ಮೇಲೆ ನಿಂತರೆ ಅಪ್ಪ ಎರಡು ಸೇರು ಏರಿದ್ದ. ಗುಮಾಸ್ತರು ಗುಂಡನ್ನು ಹಿಂದಕ್ಕೂ ಮುಂದಕ್ಕೂ ಸರಿಸಿದರು. ತಕ್ಕಡಿ ಸುಳ್ಳು ಹೇಳುತ್ತಿರಲಿಲ್ಲ.

“ಬೆಳಿಗ್ಗೆ ಏನು ತಗೋತೀರಿ, ಮೇಸ್ತ್ರೀ?”

“ಡಾಕ್ಟ್ರು ಯೋಳ್ದಂಗೇ ಸ್ವಾಮಿ. ಎರಡು ಟೋಸ್ಟು, ಸೊಪ್ಪು.”

“ಅದಕ್ಕೆ ಮೊದಲು?”

“ಅದ್ಕೆ ಮೊದ್ಲು ಮುದ್ದೆ, ಸಾರು.”

ಗುಮಾಸ್ತರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮುದ್ದೆಯ ಬದಲಿಗೆ ಟೋಸ್ಟು ತಿನ್ನಬೇಕು ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಬ್ರೆಡ್ಡು ಆಸ್ಪತ್ರೆಯಿಂದ ಬರೆದುಕೊಟ್ಟದ್ದು; ಆದ್ದರಿಂದ ಔಷಧಿ. ಬರೀ ಹೊಟ್ಟೆಯಲ್ಲಿ ಔಷಧಿ ತೆಗೆದುಕೊಳ್ಳಬೇಡಿ ಎಂದು ಆಸ್ಪತ್ರೆಯಲ್ಲೇ ನೂರು ಸಲ ಹೇಳಿದ್ದಾರೆ. ಆದ್ದರಿಂದ ಮೊದಲು ಮುದ್ದೆ. ಈ ತರ್ಕದಲ್ಲಿ ಎಲ್ಲಿ ಲೋಪವಿದೆ ಎಂದು ಇಷ್ಟು ವರ್ಷ ಪಾಠ ಹೇಳಿದ ಮೇಲೂ ನನಗೆ ಕಂಡಿಲ್ಲ.

ಅಪ್ಪ ಮನೆಗೆ ಬಂದು ಹೇಳಿದಾಗ ಅಮ್ಮ ಕಿಡಿಕಿಡಿಯಾದಳು. “ಊಟ ಬುಟ್ಟು ಬರೀ ರೊಟ್ಟೀನಾ? ಆ ಕತ್ಲಲ್ಲಿ ಮರ ಒತ್ತು ಕೆಲ್ಸ ಮಾಡೋರ್ಗೆ? ರೈಲ್ನೋರು ಮೂಟೆ ತೂಗ್ಲಿ, ಮನುಸ್ರ ಒಟ್ಟೆ ವಿಸ್ಯ ಅವ್ರಿಗ್ಯಾಕೆ?” ಆದರೆ ಅಪ್ಪ ಹಟ ಹಿಡಿದ. ಮುದ್ದೆ ನಿಂತಿತು. ಬರೀ ಟೋಸ್ಟು, ಸೊಪ್ಪು. ನಡೆದು ಗಣಿಗೆ ಇಳಿಯುವ ಬಾವಿಗೆ, ಎಂದರೆ ಶಾಫ್ಟಿಗೆ, ಹೋಗುವುದು, ನಡೆದು ಬರುವುದು. ಮುಂದಿನ ತೂಕಕ್ಕೆ ಏರಿದ್ದೂ ಕರಗಿ, ಮೊದಲಿಗಿಂತ ಎರಡು ಸೇರು ಕಡಿಮೆಯಾಗಿದ್ದ. ಗುಮಾಸ್ತರು ಎದ್ದು ನಿಂತು ಕೈಕುಲುಕಿದರು. ಅಪ್ಪ ರೈಲಿನಲ್ಲಿ ನನಗೆ ಕಡಲೆಕಾಯಿ ಕೊಡಿಸಿ, ತಾನು ಒಂದೂ ತಿನ್ನದೆ ಸಿಪ್ಪೆ ಸುಲಿದು ಸುಲಿದು ಕೊಟ್ಟ. “ಇನ್ನ ನಾಕ್ ಸೇರು ಪಾಪಮ್ಮ. ಆಮ್ಯಾಕೆ ನಮ್ಮನ್ಯಾರೂ ಮೇಲಕ್ಕೆ ಎಳ್ಯಂಗಿಲ್ಲ.”

ಅಮ್ಮನಿಗೆ ಹೇಳಿದಾಗ ಅವಳು “ಒಳ್ಳೇದಾಯ್ತು” ಎಂದಳು. ಈ ಸಲ ಮುಖ ಮಾಡಿಕೊಳ್ಳಲು ಮರೆತಳು.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಲೈನಿನಲ್ಲಿ ಗೂಡಿನ ಮೇಲೆ ಸಾಲಾಗಿ ಜೋಡಿಸಿದ ಕಂಚಿನ ಲೋಟಗಳು ಆಗಾಗ ತಾವಾಗಿಯೇ ಗಲಗಲ ಎನ್ನುತ್ತಿದ್ದವು. ಕೆಳಗೆಲ್ಲೋ ಬಂಡೆ ಸಿಡಿಯಿತು ಎಂದರ್ಥ. ನೆಲ ಒಂದು ಸಲ ಮೈ ಕೊಡವಿ ಸುಮ್ಮನಾಗುತ್ತಿತ್ತು. ಹೆಂಗಸರು ಮಾಡುತ್ತಿದ್ದ ಕೆಲಸ ಹಾಗೇ ಬಿಟ್ಟು ಬಾಗಿಲಿಗೆ ಬಂದು ಶಾಫ್ಟಿನ ಕಡೆ ನೋಡುತ್ತ ನಿಲ್ಲುತ್ತಿದ್ದರು. ಬಹಳ ಸಲ ಏನೂ ಆಗಿರುತ್ತಿರಲಿಲ್ಲ. ಆ ‘ಬಹಳ ಸಲ’ ಎಂಬ ಮಾತಿನ ಮೇಲೆಯೇ ಇಡೀ ಲೈನು ಸಂಸಾರ ಮಾಡುತ್ತಿತ್ತು.

ಆ ವಾರ ಒಂದು ಬೆಳಿಗ್ಗೆ ಲೋಟಗಳು ಜೋರಾಗಿ ಅಲುಗಿದವು. ಒಂದು ಕೆಳಗೆ ಬಿತ್ತು. ಅಮ್ಮನ ಕೈ ಒರಳಲ್ಲೇ ನಿಂತಿತು. ಅಪ್ಪ ಕೆಳಗಿದ್ದ. ಅವನು ಮನೆಗೆ ಬರುವವರೆಗೂ ಆ ಒರಳಿನ ಚಟ್ನಿ ಹಾಗೇ ಇತ್ತು. ಬಂದವನು ಕೂದಲಲ್ಲಿದ್ದ ಕಲ್ಲಿನ ಪುಡಿ ಕೊಡವಿ, “ನಮ್ ಕಡೆ ಅಲ್ಲ ಕಣಮ್ಮೀ, ಪಕ್ಕದ್ ಸುರಂಗ. ಯಾರ್ಗೂ ಏನೂ ಆಗಿಲ್ಲ,” ಎಂದು ನಕ್ಕ. ಅಮ್ಮ ಬಿದ್ದ ಲೋಟವನ್ನು ತೊಳೆದು ಮತ್ತೆ ಗೂಡಿನಲ್ಲಿಟ್ಟಳು.

ಮರುದಿನ ಬೆಳಿಗ್ಗೆ ನಾನು ಒಲೆಯ ಮುಂದೆ ಕೂತಿದ್ದೆ. ಅಪ್ಪ ಬಚ್ಚಲಲ್ಲಿದ್ದ. ಅಮ್ಮ ಜಾಲರಿಯಿಂದ ಟೋಸ್ಟು ತೆಗೆದು, ಮಡಕೆಯ ಹಿಂದಿನಿಂದ ಒಂದು ಸಣ್ಣ ಕುಡಿಕೆ ತೆಗೆದಳು. ಬೆರಳು ಅದ್ದಿ ಬಿಸಿ ಬ್ರೆಡ್ಡಿನ ಮೇಲೆ ಸವರಿದಳು. ತುಪ್ಪ ಬ್ರೆಡ್ಡಿನ ಸಾವಿರ ಕಣ್ಣುಗಳೊಳಗೆ ಇಳಿದು ಮಾಯವಾಯಿತು. ಇನ್ನೊಂದು ಬೆರಳು ತುಪ್ಪ. ಅದರ ಮೇಲೆ ಸೊಪ್ಪು, ಒತ್ತಾಗಿ. ನೋಡಿದರೆ ಡಾಕ್ಟರೇ ಮೆಚ್ಚಿ ತಲೆದೂಗಬೇಕು, ಹಾಗಿತ್ತು.

ನಾನು ಬಾಯಿ ತೆರೆದೆ. ಅಮ್ಮ ನನ್ನ ಬಾಯಿಗೆ ಟೋಸ್ಟಿನ ಮೂಲೆಯೊಂದನ್ನು ಮುರಿದು ಇಟ್ಟಳು.

“ಹೆಂಗದೆ?”

“ಚೆನ್ನಾಗದೆ.”

“ಚೆನ್ನಾಗಿದ್ರೆ ನುಂಗು. ಮಾತಾಡ್ಬೇಡ.”

ನುಂಗಿದೆ. ಲಂಚ ಬಾಯಿಯೊಳಗೇ ಇದ್ದಾಗ ಸತ್ಯದ ಪರ ನಿಲ್ಲುವುದು ಒಂಬತ್ತು ವರ್ಷದವಳಿಗೆ ಕಷ್ಟ.

ಆಮೇಲೆ ಅಪ್ಪ ಇಳಿಯಲಿಲ್ಲ. ತಕ್ಕಡಿ ಅದೇ ಗೀಟಿನಲ್ಲಿ ನಿಂತುಬಿಟ್ಟಿತು. ಅವನು ಮಧ್ಯಾಹ್ನದ ಊಟ ಅರ್ಧ ಮಾಡಿದ. ಅದೂ ಫಲಿಸದೆ ಒಂದು ಭಾನುವಾರ ರೈಲಿನಲ್ಲಿ ಬರುವಾಗ ಕಿಟಕಿಯ ಹೊರಗೆ ನೋಡುತ್ತ ಕೇಳಿದ: “ಪಾಪಮ್ಮ, ಅಮ್ಮ ಸೊಪ್ಪಿನ್ ಜೊತೆ ಬ್ಯಾರೆ ಏನಾರ ಆಕ್ತಾಳಾ?”

“ಇಲ್ಲಪ್ಪ. ಬರೀ ಸೊಪ್ಪು.”

ಅವನು ನನ್ನ ತಲೆಯ ಮೇಲೆ ಕೈ ಇಟ್ಟ. ಆ ಕೈ ಮರದ ಹಲಗೆಯಷ್ಟು ಒರಟು. ಅವತ್ತಿಗಿಂತ ಭಾರವಾಗಿ ಅದು ಯಾವತ್ತೂ ಇರಲಿಲ್ಲ.

ಯುಗಾದಿ ಮುಗಿಯಿತು. ಆಸ್ಪತ್ರೆಯಲ್ಲಿ ತೂಕ ನೋಡಿದರು. ಆರು ಸೇರಿಗೆ ನಾಲ್ಕು ಸೇರು ಕೊರತೆ. ಡಾಕ್ಟರು ಒಳ್ಳೆಯವರು, ಬೇಸರಪಟ್ಟುಕೊಂಡೇ ಬರೆದರು. ಅಪ್ಪನನ್ನು ಮೇಲಿನ ದೀಪದ ಕೋಣೆಗೆ ಹಾಕಿದರು. ಕೆಳಗೆ ಹೋಗುವವರಿಗೆ ದೀಪ ಕೊಡುವುದು, ಮೇಲೆ ಬಂದವರಿಂದ ದೀಪ ಇಸಿದುಕೊಂಡು ಗೂಟಕ್ಕೆ ಹಾಕುವುದು. ಹತ್ತೊಂಬತ್ತು ವರ್ಷ ತಾನು ಇಳಿದ ಬಾಗಿಲಲ್ಲಿ ನಿಂತು ಅಪ್ಪ ಈಗ ಪೊನ್ನಮ್ಮನ ಗಂಡನಿಗೆ ದೀಪ ಕೊಟ್ಟು, “ಓಗಿದ್ದು ಬಾಪ್ಪ” ಎನ್ನಬೇಕು.

ಮುದ್ದೆ ಮತ್ತೆ ಶುರುವಾಗಬಹುದಿತ್ತು. ಆದರೆ ಅಪ್ಪ ಟೋಸ್ಟನ್ನೇ ಕೇಳಿದ. ತನಗೆ ತಾನೇ ಶಿಕ್ಷೆ ಕೊಟ್ಟುಕೊಳ್ಳುವವನ ಹಾಗೆ ತಿನ್ನುತ್ತಿದ್ದ. ಭಾನುವಾರಗಳಲ್ಲಿ ಬೌರಿಂಗ್‌ಪೇಟೆಗೆ ಹೋಗುವುದು ನಿಂತಿತು. ಗಣಿಯ ತಳದಲ್ಲಿ ತೊಟ್ಟಿಕ್ಕುವ ನೀರಿನ ಸದ್ದು, ಮರದ ಕಂಬ ಬಂಡೆಯ ಭಾರ ತಡೆಯುವಾಗ ಕಿರ್ರೆನ್ನುವ ಸದ್ದು, ಇವನ್ನು ಅವನು ತವರಿನ ಸುದ್ದಿ ಹೇಳುವ ಹೆಂಗಸಿನಂತೆ ಹೇಳುತ್ತಿದ್ದ. ಅಮ್ಮ ತಲೆ ತಗ್ಗಿಸಿ ಕೇಳುತ್ತಿದ್ದಳು.

ಒಂದು ಬೆಳಿಗ್ಗೆ ಅಪ್ಪನಿಗೆ ಮಧ್ಯಾಹ್ನದ ಪಾಳಿ. ಮನೆಯಲ್ಲೇ ಇದ್ದ. ಹೊಸ್ತಿಲ ಪಕ್ಕ ಮಣೆ ಹಾಕಿಕೊಂಡು ಟೋಸ್ಟಿಗೆ ಕಾಯುತ್ತಿದ್ದ. ಮೊದಲನೆಯದನ್ನು ಕೊಟ್ಟು ಅಮ್ಮ ಎರಡನೆಯದಕ್ಕೆ ಹುಣಸೆ ಚಿಗುರಿನ ಚಟ್ನಿ ಹಚ್ಚುತ್ತಿದ್ದಳು. ಗೂಡಿನ ಲೋಟಗಳು ಗಲಗಲ ಎಂದವು. ನೆಲ ನಡುಗಿತು. ಲೈನಿನ ಬಾಗಿಲುಗಳೆಲ್ಲ ತೆರೆದುಕೊಂಡವು.

ಅಮ್ಮನ ಕೈ ನಿಲ್ಲಲಿಲ್ಲ.

ಚಟ್ನಿಯನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಹಚ್ಚುತ್ತಲೇ ಇದ್ದಳು. ಅವಳಿಗೆ ಅದು ಗೊತ್ತಾಗಿರಲಿಲ್ಲ. ಅಪ್ಪ ನೋಡಿದ. ಲೋಟಗಳನ್ನು ನೋಡಿದ, ಆಮೇಲೆ ಅವಳ ಕೈಯನ್ನು ನೋಡಿದ. ಕತ್ತಲ ಸುರಂಗದಲ್ಲಿ ಹತ್ತೊಂಬತ್ತು ವರ್ಷ ಇದ್ದವನಿಗೆ, ಅಷ್ಟು ವರ್ಷ ಮೇಲೆ ಆ ಕೈ ಏನು ಮಾಡುತ್ತಿತ್ತು ಎಂದು ನೋಡುವ ಸಂದರ್ಭ ಬಂದಿರಲಿಲ್ಲವಲ್ಲ.

ಅಷ್ಟರಲ್ಲಿ ಅಮ್ಮ ತಲೆಯೆತ್ತಿದಳು. ಪೊನ್ನಮ್ಮನ ಗಂಡ ಕೆಳಗಿದ್ದಾನೆಂದು ನೆನಪಾಯಿತೆಂದು ಕಾಣುತ್ತದೆ. ಮುಖವೆಲ್ಲ ಕೆಂಪಾಗಿ, ಕೈ ಸೆರಗಿಗೆ ಒರೆಸಿಕೊಂಡು ಓಡಿದಳು. ಅಪ್ಪ ಶಾಫ್ಟಿನ ಕಡೆ ಓಡಿದ. ನಾನು ಟೋಸ್ಟು ಕಾಯುತ್ತ ಕೂತೆ. ಅವತ್ತಿನ ಮಟ್ಟಿಗೆ ಅದಕ್ಕಿಂತ ದೊಡ್ಡ ಕೆಲಸವನ್ನು ನನಗೆ ಯಾರೂ ವಹಿಸಲಿಲ್ಲ.

ಹೊತ್ತು ಏರಿದ ಮೇಲೆ ಅಪ್ಪ ಬಂದ. ದೀಪಗಳೆಲ್ಲ ಗೂಟಕ್ಕೆ ಬಂದಿದ್ದವು, ಒಂದೂ ಕಡಿಮೆಯಿರಲಿಲ್ಲ. ಪೊನ್ನಮ್ಮನ ಮನೆಯಿಂದ ಅಮ್ಮನೂ ಬಂದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಪ್ಪ ಮಣೆಯ ಮೇಲೆ ಕೂತು, ಆರಿಹೋಗಿದ್ದ ಟೋಸ್ಟನ್ನು ಎತ್ತಿ ಚಟ್ನಿಯನ್ನು ಬೆರಳಿನಿಂದ ಒಂದು ಕಡೆ ಸರಿಸಿದ. ಆರಿದ ಬ್ರೆಡ್ಡಿನಲ್ಲಿ ತುಪ್ಪ ಬೆಳ್ಳಗೆ ಹೆಪ್ಪುಗಟ್ಟಿತ್ತು. ಅಮ್ಮ ಒಲೆಯ ಕಡೆ ತಿರುಗಿ ನಿಂತಳು.

ಅಪ್ಪ ಚಟ್ನಿಯನ್ನು ಮತ್ತೆ ಮೊದಲಿನಂತೆ ಸವರಿ ಮುಚ್ಚಿದ.

“ಇದು ಆರೋಯ್ತು. ಇನ್ನೊಂದ್ ಸುಡಮ್ಮೀ,” ಎಂದ. ಮಣೆಯನ್ನು ಒಲೆಯ ಕಡೆಗೆ ಎಳೆದುಕೊಂಡು, “ತುಪ್ಪ ಇನ್ನೊಂದ್ ಚೂರ್ ಆಕು. ಈಗ್ಯಾರ್ ತೂಕ ನೋಡ್ತಾರೆ?”

ಅಪ್ಪ ದೀಪದ ಕೋಣೆಯಲ್ಲಿದ್ದುಕೊಂಡೇ ಮುದುಕನಾದ. ಬಿಸಿಲು ಕಾಯಿಸುವವರನ್ನು ಬೈಯುವುದನ್ನು ಮಾತ್ರ ಬಿಡಲಿಲ್ಲ. ಈಗ ಅವನೂ ಇಲ್ಲ, ಅಮ್ಮನೂ ಇಲ್ಲ. ಪೊನ್ನಮ್ಮ ಮಗನ ಜೊತೆ ಸೇಲಂ ಕಡೆ ಹೋದಳಂತೆ. ಜಾಲರಿ ನನ್ನ ಪಾಲಿಗೆ ಬಂತು.

ನಾನು ವಿಧೇಯ ರೋಗಿ. ಎರಡನೆಯ ದಿನದಿಂದ ಚೀಟಿಯನ್ನು ಅಕ್ಷರಶಃ ಪಾಲಿಸಿದ್ದೇನೆ. ಸೊಪ್ಪು ಮಸೆದೆ, ಬದನೆಕಾಯಿ ಸುಟ್ಟೆ, ಮೊಸರು ಕಟ್ಟಿದೆ. ಸಂತೆಯಲ್ಲಿ ಹುಣಸೆ ಚಿಗುರು ಸಿಕ್ಕ ದಿನ ಶಾಲೆಗೆ ತಡವಾಗಿ ಹೋದೆ. ಟೋಸ್ಟಿನ ಮೇಲೆ ಅದೇ ಚೌಕಗಳು ಮೂಡುತ್ತವೆ. ಹುಳಿ ಸರಿಯಾಗಿಯೇ ಇದೆ, ಖಾರವೂ ಇದೆ. ಆದರೂ ರುಚಿ ಬಾಯಿಯ ಬಾಗಿಲಿಗೆ ಬಂದು ಒಳಗೆ ಬಾರದೆ ನಿಲ್ಲುತ್ತದೆ. ಕಾರಣ ಗೊತ್ತಿಲ್ಲವೆಂದು ನಾನು ನಟಿಸುವುದಿಲ್ಲ.

ಮೊನ್ನೆ ಭಾನುವಾರ ಸ್ಟೇಷನ್ನಿಗೆ ಹೋದೆ. ಪಾರ್ಸಲ್ ಆಫೀಸು ಅಲ್ಲೇ ಇದೆ, ತಕ್ಕಡಿಯೂ ಇದೆ. ಗುಮಾಸ್ತ ಹೊಸಬ, ನನ್ನ ಶಿಷ್ಯೆಯೊಬ್ಬಳ ಅಣ್ಣನಂತೆ. ಡಾಕ್ಟರು ನೋಡಿದ್ದ ತೂಕವನ್ನು ಅವನಿಗೆ ಹೇಳಿ, ಚಪ್ಪಲಿ ಬಿಟ್ಟು ತಕ್ಕಡಿಯ ಮೇಲೆ ನಿಂತೆ. ಅವನು ಗುಂಡು ಸರಿಸುವಾಗ ನಾನು ಸುಮ್ಮನೆ ಕಾದೆ. ಎಲ್ಲಿಗೆ ಬುಕ್ ಮಾಡಲಿ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ನನ್ನ ಬಳಿ ಉತ್ತರ ಸಿದ್ಧವಾಗಿತ್ತು: ನಂದಿದುರ್ಗದ ಲೈನು ಮನೆಗೆ.

“ಭೇಷ್ ಟೀಚರಮ್ಮ! ನೀವ್ ಯೋಳಿದ್ರಲ್ಲ, ಅದ್ಕಿಂತ ಎರಡು ಸೇರು ಇಳ್ದಿದೀರಾ!”

ಅವನು ಸಂತೋಷದಿಂದಲೇ ಹೇಳಿದ. ನಾನೂ ನಕ್ಕೆ. ಈ ಸುದ್ದಿ ಕೇಳಿದ ಕೂಡಲೇ ಮುಖ ಮಾಡಿಕೊಳ್ಳುವುದನ್ನು ಮರೆತು, ಮಡಕೆಯ ಹಿಂದಕ್ಕೆ ಕೈ ಹಾಕುವ ಒಬ್ಬಳಿದ್ದಳು. ಮನೆಗೆ ಬಂದು, ಅಡಿಗೆಮನೆಯಲ್ಲಿ, ಆ ಎರಡು ಸೇರಿನ ಸುದ್ದಿಯನ್ನು ಗಟ್ಟಿಯಾಗಿ ಒಂದು ಸಲ ಹೇಳಿದೆ.